ಡಿಗ್ರಿ ಕ್ಲಾಸಲ್ಲಿ ಹುಡುಗರು ಕಮ್ಮಿ, ಆಫೀಸಲ್ಲಿ ಹುಡುಗಿಯರು ಕಮ್ಮಿ: ನಡುವೆ ಎಂತ ಆಗುತ್ತದೆ?

ಕಾಪು ಕಾಮರ್ಸ್

ಎಲ್ಲರಿಗೂ ನಮಸ್ಕಾರ. ಉಡುಪಿ ಕಡೆಯ ಒಂದು ಡಿಗ್ರಿ ಕಾಲೇಜಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಪ್ಲೇಸ್‌ಮೆಂಟ್ ನೋಡಿಕೊಳ್ಳುವುದೂ ನಾನೇ. ತುಂಬಾ ಸಮಯದಿಂದ ಮನಸ್ಸಲ್ಲಿ ಕೊರೆಯುತ್ತಿದ್ದ ವಿಷಯ ಇಲ್ಲಿ ಇಡುತ್ತಿದ್ದೇನೆ. ಕಾಲೇಜಿನ ಹೆಸರು ಬೇಡ. ಸುತ್ತಮುತ್ತ ಎಲ್ಲ ಕಡೆಯೂ ಇದೇ ಉಂಟು.

ನಮ್ಮ ಬಿ.ಕಾಂ. ಕ್ಲಾಸಿಗೆ ಬಂದು ನೋಡಿ. ಹುಡುಗಿಯರ ಕಡೆ ಬೆಂಚು ತುಂಬಿರುತ್ತದೆ, ಹುಡುಗರ ಕಡೆ ಹಿಂದಿನ ಎರಡು ಸಾಲು. ಎಂ.ಕಾಂ.ಗೆ ಹೋದರೆ ಹುಡುಗರನ್ನು ಹುಡುಕಬೇಕು. ದೇಶದ ಲೆಕ್ಕವೂ ಬದಲಾಗಿದೆ. ಕೇಂದ್ರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಕಾಲೇಜು ಸೇರಿದವರು 4.33 ಕೋಟಿ, ಅದರಲ್ಲಿ ಹೆಣ್ಣುಮಕ್ಕಳು 2.07 ಕೋಟಿ. ವಿಜ್ಞಾನ ವಿಭಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗಿಯರೇ. ಪಿಯುಸಿ ಫಲಿತಾಂಶ ಬಂದಾಗಲೆಲ್ಲ ಪೇಪರಲ್ಲಿ ‘ಬಾಲಕಿಯರ ಮೇಲುಗೈ’ ಅಂತ ಓದುತ್ತೇವೆ. 2024ರಲ್ಲಿ ದಕ್ಷಿಣ ಕನ್ನಡ ಶೇ. 97.37 ತೆಗೆದು ರಾಜ್ಯಕ್ಕೇ ಮೊದಲು, ಉಡುಪಿ ಶೇ. 96.80 ತೆಗೆದು ಎರಡನೆಯದು. ಓದಿನಲ್ಲಿ ನಮ್ಮ ಮಕ್ಕಳಿಗೆ ಏನೂ ಕಮ್ಮಿ ಇಲ್ಲ.

ಕೆಲಸದ ಕಡೆ ಬನ್ನಿ. 2023-24ರ ಕಾರ್ಮಿಕ ಸಮೀಕ್ಷೆ ಪ್ರಕಾರ 15 ವರ್ಷ ದಾಟಿದ ಗಂಡಸರಲ್ಲಿ ಶೇ. 78.8 ಮಂದಿ ದುಡಿಯುತ್ತಾರೆ ಅಥವಾ ಕೆಲಸ ಹುಡುಕುತ್ತಿದ್ದಾರೆ. ಹೆಂಗಸರಲ್ಲಿ ಇದು ಶೇ. 41.7. 2017-18ರಲ್ಲಿ ಬರೀ 23.3 ಇತ್ತು, ಏರಿದೆ ನಿಜ. ಆದರೆ ಏರಿದ್ದರಲ್ಲಿ ದೊಡ್ಡ ಪಾಲು ಹಳ್ಳಿಯ ಸ್ವಂತ ದುಡಿಮೆ. ಡಿಗ್ರಿ ಮಾಡಿದವರಿಗೆ ಸಿಕ್ಕಿದ ಸಂಬಳದ ಕೆಲಸ ಅಂತ ಅದನ್ನು ಓದಿಕೊಳ್ಳಬಾರದು.

ನಾನು ಕಣ್ಣಾರೆ ಕಾಣುವುದನ್ನು ಹೇಳುತ್ತೇನೆ. ಕ್ಯಾಂಪಸ್ ಇಂಟರ್‌ವ್ಯೂ ದಿನ ಕಂಪನಿಯವರು ಒಂದು ಫಾರ್ಮ್ ಕೊಡುತ್ತಾರೆ. ಅದರಲ್ಲಿ ಒಂದು ಪ್ರಶ್ನೆ: ಬೇರೆ ಊರಲ್ಲಿ ಕೆಲಸ ಕೊಟ್ಟರೆ ಹೋಗಲಿಕ್ಕೆ ತಯಾರಾ? ಹುಡುಗರು ಟಿಕ್ ಹಾಕಿ ಮುಂದಿನ ಪುಟಕ್ಕೆ ಹೋಗಿ ಆಗಿರುತ್ತದೆ. ಹುಡುಗಿಯರ ಪೆನ್ನು ಅಲ್ಲಿ ನಿಲ್ಲುತ್ತದೆ. ಒಬ್ಬೊಬ್ಬರೇ ಮೊಬೈಲ್ ಹಿಡಿದುಕೊಂಡು ಕಾರಿಡಾರಿಗೆ ಬರುತ್ತಾರೆ. “ಅಮ್ಮಾ, ಬೆಂಗಳೂರಂತೆ” ಅಂತ ಸಣ್ಣ ಸ್ವರದಲ್ಲಿ ಹೇಳುವುದು ಕೇಳಿಸುತ್ತದೆ. ಆಚೆಯಿಂದ “ಅಪ್ಪನ ಹತ್ತಿರ ಕೇಳು” ಅಂತ ಬರುತ್ತದೆ. ಅಪ್ಪ ಕೆಲಸದಲ್ಲಿರುತ್ತಾರೆ, ಫೋನ್ ಎತ್ತುವುದಿಲ್ಲ. ಅಷ್ಟರಲ್ಲಿ ಫಾರ್ಮ್ ವಾಪಸ್ ಕೊಡುವ ಹೊತ್ತು. ಅಕೌಂಟ್ಸಲ್ಲಿ ಇಡೀ ಕ್ಲಾಸಿಗೆ ಮುಂದಿದ್ದವಳು ‘ಇಲ್ಲ’ ಅಂತ ಬರೆದು ಕೊಟ್ಟ ಫಾರ್ಮನ್ನು ನಾನು ಕೈಯಾರೆ ತೆಗೆದುಕೊಂಡಿದ್ದೇನೆ. ತುಂಬಾ ಬೇಜಾರಾಗುತ್ತದೆ.

ನನಗೆ ಅನಿಸುವುದು ಇಷ್ಟು. ಹುಡುಗಿಯನ್ನು ಮನೆಯವರು ಎಷ್ಟು ದೂರ ಬಿಡುತ್ತಾರೆ, ಹುಡುಗನಿಗೆ ಎಷ್ಟು ಬೇಗ ದುಡಿ ಅನ್ನುತ್ತಾರೆ, ಈ ಎರಡರಲ್ಲೇ ಮುಕ್ಕಾಲು ತೀರ್ಮಾನ ಆಗಿಬಿಡುತ್ತದೆ. ತಲೆ, ಮಾರ್ಕು, ಆಸಕ್ತಿ ಎಲ್ಲ ಅದರ ನಂತರ. ನಿಮ್ಮ ಮನೆಯಲ್ಲಿ, ನಿಮ್ಮ ಕಾಲೇಜಲ್ಲಿ ಹೇಗೆ? ದಯವಿಟ್ಟು ಬರೆಯಿರಿ.

ಕುಂದಾಪ್ರದವ

ಹುಡುಗರನ್ನು ಹುಡುಕಬೇಕು ಅಂದಿರಲ್ಲ ಮೇಡಂ. ಅರ್ಧ ಜನ ಎಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ಅಂತ ಹೋದರು. ಉಳಿದ ಅರ್ಧ ಬೆಂಗಳೂರಿನ ಹೋಟೆಲು, ಬೇಕರಿ, ಮತ್ತೆ ದುಬೈ. ನಮ್ಮ ಬೈಂದೂರು ಕಡೆ ಪಿಯುಸಿ ಮುಗಿದ ಹುಡುಗನ ಹತ್ತಿರ ಜನ ‘ಮುಂದೆ ಎಂತ ಓದುತ್ತಿ’ ಅಂತ ಕೇಳುವುದಿಲ್ಲ, ‘ಎಲ್ಲಿ ಕೆಲಸ ನೋಡಿದೆ’ ಅಂತ ಕೇಳುತ್ತಾರೆ.

ಬೈಕಂಪಾಡಿ ಮೆಕ್ಯಾನಿಕಲ್

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮಾಡಿದವಳು. ಈಗ ಇಲ್ಲೇ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ದೂರದ ಮಾತು ಸರಿ. ಆದರೆ ಕಾಲೇಜಿನ ಒಳಗೆ ಆಗುವುದನ್ನೂ ಹೇಳಬೇಕು.

ಮೆಷಿನ್ ಲ್ಯಾಬಲ್ಲಿ ಗುಂಪು ಮಾಡುತ್ತಾರೆ. ಲೋಹ ಕಡೆಯುವ ಲೇತ್ ಯಂತ್ರದ ಹತ್ತಿರ ಹುಡುಗರು ನಿಲ್ಲುತ್ತಾರೆ. “ನಿನ್ನ ಅಕ್ಷರ ಚಂದ ಉಂಟು, ರೀಡಿಂಗ್ ನೀನು ಬರಿ” ಅಂತ ನನ್ನ ಕೈಗೆ ರೆಕಾರ್ಡ್ ಬುಕ್ ಬರುತ್ತದೆ. ಅವರು ಕೆಟ್ಟ ಮನಸ್ಸಿನಿಂದ ಹೇಳುವುದಲ್ಲ, ಒಳ್ಳೆಯ ಸ್ನೇಹಿತರೇ. ಸರ್ ಕೂಡ ಸುಮ್ನೆ ನೋಡಿಕೊಂಡು ಹೋಗುತ್ತಾರೆ. ಕೋರ್ಸ್ ಮುಗಿಯುವಾಗ ಅವರ ಕೈಗೆ ಮೆಷಿನ್ ಪಳಗಿರುತ್ತದೆ, ನನ್ನ ಕೈಗೆ ಪೆನ್ನು. ಆಮೇಲೆ ಇಂಟರ್‌ವ್ಯೂನಲ್ಲಿ “ನೀವೇ ಟೂಲ್ ಸೆಟ್ ಮಾಡಿ ಗೊತ್ತುಂಟಾ?” ಅಂತ ಕೇಳಿದರೆ ನಾನು ಎಂತ ಹೇಳುವುದು? ನಾನು ಕೆಲಸ ಕಲಿತದ್ದು ಫ್ಯಾಕ್ಟರಿಗೆ ಬಂದ ಮೇಲೆ, ಒಬ್ಬರು ಹಿರಿಯ ಫೋರ್‌ಮನ್ ಪಕ್ಕದಲ್ಲಿ ನಿಂತು ಕಲಿಸಿದ್ದರಿಂದ.

ಹುಡುಗಿಯರಿಗೆ ಎಂಜಿನಿಯರಿಂಗಲ್ಲಿ ಆಸಕ್ತಿ ಇಲ್ಲ ಅನ್ನುವವರಿಗೆ ಇನ್ನೊಂದು ವಿಷಯ. ಐಐಟಿಗಳಲ್ಲಿ ಮೊದಲು ನೂರಕ್ಕೆ ಎಂಟೋ ಹತ್ತೋ ಹುಡುಗಿಯರು. 2018ರಲ್ಲಿ ಅವರಿಗಾಗಿ ಹೆಚ್ಚುವರಿ ಸೀಟು ಶುರು ಮಾಡಿದರು, 2020ಕ್ಕೆ ಶೇ. 20ಕ್ಕೆ ತಂದರು. ನಮ್ಮ ಸುರತ್ಕಲ್ ಎನ್‌ಐಟಿಕೆಯಲ್ಲೂ ಈ ಸೀಟು ಉಂಟು. ಬಾಗಿಲು ತೆಗೆದಾಗ ಬಂದರು. ಮನಸ್ಸೇ ಇಲ್ಲದಿದ್ದರೆ ಬರುತ್ತಿದ್ದರಾ?

ಮಲ್ಪೆ ಬಂದರು

ನಾನು ಫೈನಲ್ ಬಿ.ಕಾಂ. ಹಿಂದಿನ ಬೆಂಚಿನವನು. ಈಗ ಓದುತ್ತಿರುವ ಹುಡುಗರು ಯಾರೂ ಬರೆಯಲಿಲ್ಲ, ಹಾಗಾಗಿ ಬರೆಯುತ್ತೇನೆ.

ನಮ್ಮ ಕ್ಲಾಸಿನ ತುಂಬಾ ಹುಡುಗರು ಮದುವೆ ಸೀಸನಲ್ಲಿ ಕ್ಯಾಟರಿಂಗಿಗೆ ಬಡಿಸಲಿಕ್ಕೆ ಹೋಗುತ್ತಾರೆ. ಶನಿವಾರ ರಾತ್ರಿ ಮೆಹಂದಿ, ಭಾನುವಾರ ಮದುವೆ ಊಟ. ಹಾಲ್ ತೊಳೆದು ಮನೆಗೆ ಬರುವಾಗ ನಡುರಾತ್ರಿ. ಕೆಲವರು ಬೆಳಗ್ಗೆ ಬಂದರಿನಲ್ಲಿ ಮೀನು ಇಳಿಸಿ, ಸ್ನಾನ ಮಾಡಿ ಕಾಲೇಜಿಗೆ ಬರುತ್ತಾರೆ. ಸೋಮವಾರ ಮೊದಲ ಪಿರಿಯಡಲ್ಲಿ ನಿದ್ದೆ ತೂಗಿದರೆ “ಹುಡುಗರಿಗೆ ಸೀರಿಯಸ್‌ನೆಸ್ ಇಲ್ಲ” ಅಂತ ಬೈಗುಳ. ಅಟೆಂಡೆನ್ಸ್ ಶೇ. 75 ಆಗಲಿಲ್ಲ ಅಂದರೆ ಪರೀಕ್ಷೆಗೆ ಕೂರಲಿಕ್ಕೆ ಬಿಡುವುದಿಲ್ಲ. ಅಲ್ಲಿಗೆ ಒಬ್ಬ ಕಾಲೇಜು ಬಿಟ್ಟ.

ಈ ದುಡ್ಡು ಎಲ್ಲ ಬೈಕಿಗೆ, ಮೊಬೈಲಿಗೆ ಅಂತ ತಿಳಿದುಕೊಳ್ಳಬೇಡಿ. ಫೀಸ್ ಕಟ್ಟುವವರಿದ್ದಾರೆ. ಅಕ್ಕನ ಮದುವೆ ಸಾಲದ ಕಂತು ಕಟ್ಟುವವರಿದ್ದಾರೆ. ನನಗೆ ಕನ್ನಡ ಎಂ.ಎ. ಮಾಡಿ ಮೇಷ್ಟ್ರಾಗಬೇಕು ಅಂತ ಆಸೆ ಇತ್ತು, ಈಗಲೂ ಉಂಟು. ಮನೆಯಲ್ಲಿ ಹೇಳಿದಾಗ ಮಾವ ಕೇಳಿದ್ದು ಒಂದೇ ಮಾತು: “ಅದರಲ್ಲಿ ಎಷ್ಟು ಸಿಗುತ್ತದೆ?” ತಂಗಿ ಅದೇ ಮಾತು ಹೇಳಿದರೆ “ಆಯ್ತು, ಬಿ.ಎಡ್. ಮಾಡು, ಟೀಚರ್ ಕೆಲಸ ಒಳ್ಳೆಯದು” ಅನ್ನುತ್ತಾರೆ. ಅವಳಿಗೆ ಬಯಾಲಜಿ ಇಷ್ಟ, ಟೀಚರ್ ಆಗಲಿಕ್ಕೆ ಮನಸ್ಸೇ ಇಲ್ಲ.

ಸೈಕಾಲಜಿ ಟೀಚರ್, ಬಲ್ಮಠ

ಮಲ್ಪೆಯವರೆ, ಇಷ್ಟು ಬಿಚ್ಚಿ ಬರೆದದ್ದಕ್ಕೆ ಥ್ಯಾಂಕ್ಸ್. ನಿಮ್ಮ ತರದ ಹುಡುಗರು ಇದನ್ನು ಲೆಕ್ಚರರ ಹತ್ತಿರ ಹೇಳುವುದೇ ಇಲ್ಲ. ಅದರ ಬಗ್ಗೆ ಕೊನೆಗೆ ಬರುತ್ತೇನೆ.

ಕಾಪು ಮೇಡಂ, ಆಸಕ್ತಿಯನ್ನು ನೀವು ಸ್ವಲ್ಪ ಬೇಗ ಬದಿಗೆ ಸರಿಸಿದಿರಿ ಅಂತ ನನಗೆ ಕಾಣುತ್ತದೆ. ಇದರ ಮೇಲೆ ದೊಡ್ಡ ಕೆಲಸ ನಡೆದಿದೆ. 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಜಾನೆಟ್ ಹೈಡ್ ಅವರು ಹಿಂದಿನ ಅಧ್ಯಯನಗಳ 46 ದೊಡ್ಡ ವಿಶ್ಲೇಷಣೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಗಂಡು-ಹೆಣ್ಣಿನ ನಡುವೆ ಅಳೆದ ವ್ಯತ್ಯಾಸಗಳಲ್ಲಿ ಶೇ. 78ರಷ್ಟು ತೀರಾ ಸಣ್ಣವು ಅಥವಾ ಇಲ್ಲ ಅನ್ನುವಷ್ಟೇ. ಗಣಿತ, ಭಾಷೆ, ಆತ್ಮವಿಶ್ವಾಸ ಎಲ್ಲದರಲ್ಲೂ ಇದೇ ಕತೆ. ಅಲ್ಲಿಗೆ ನಿಮ್ಮ ಮಾತು ನೂರಕ್ಕೆ ನೂರು ಸರಿ.

ಆದರೆ ಇಷ್ಟದ ವಿಷಯ ಹಾಗಿಲ್ಲ. 2009ರಲ್ಲಿ ರಾಂಗ್ ಸು ಮತ್ತು ಜೊತೆಯವರು ಐದು ಲಕ್ಷಕ್ಕೂ ಜಾಸ್ತಿ ಜನರ ಉತ್ತರಗಳನ್ನು ನೋಡಿದರು. ಯಂತ್ರ, ಉಪಕರಣಗಳ ಜೊತೆಗಿನ ಕೆಲಸದ ಕಡೆ ಗಂಡಸರ ಒಲವು, ಜನರ ಜೊತೆಗಿನ ಕೆಲಸದ ಕಡೆ ಹೆಂಗಸರ ಒಲವು ಎದ್ದು ಕಂಡಿತು. ಸಣ್ಣ ವ್ಯತ್ಯಾಸ ಅಲ್ಲ ಅದು. ಇದು ಸರಾಸರಿ ಮಾತ್ರ ಅನ್ನುವುದನ್ನು ಮರೆಯಬಾರದು. ಲೇತ್ ಮುಂದೆ ನಿಲ್ಲಲು ಕಾಯುವ ಹುಡುಗಿ, ರೋಗಿಯ ಪಕ್ಕ ಕೂರಲು ಇಷ್ಟಪಡುವ ಹುಡುಗ ಪ್ರತಿ ಕ್ಲಾಸಲ್ಲೂ ಇರುತ್ತಾರೆ. ಇಷ್ಟ ಅನ್ನುವುದು ಹುಟ್ಟಿನಿಂದ ಎಷ್ಟು, ಮನೆಯಲ್ಲಿ ಆಡಲಿಕ್ಕೆ ಕೊಟ್ಟ ಸಾಮಾನಿನಿಂದ ಎಷ್ಟು ಅನ್ನುವುದು ಬೇರೆ ಪ್ರಶ್ನೆ. ನಮ್ಮಲ್ಲೇ ನೋಡಿ, ಮೆಡಿಕಲ್ ಸೀಟಿನ ನೀಟ್ ಬರೆಯುವವರಲ್ಲಿ ಹುಡುಗಿಯರೇ ಜಾಸ್ತಿ. ಎಂಜಿನಿಯರಿಂಗಿನ ಜೆಇಇಗೆ ಬಂದರೆ ಮೂರರಲ್ಲಿ ಒಂದು ಪಾಲಿನ ಹತ್ತಿರ. ಎರಡಕ್ಕೂ ಕೋಚಿಂಗ್ ಒಂದೇ ತರ, ಕಷ್ಟ ಒಂದೇ ತರ.

ಕಾಪು ಕಾಮರ್ಸ್

ಟೀಚರ್, ನೀಟ್ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮಣಿಪಾಲದಲ್ಲಿ 1953ರಿಂದ ಮೆಡಿಕಲ್ ಕಾಲೇಜು ಉಂಟು. ದೇರಳಕಟ್ಟೆಯಲ್ಲಿ ಸಾಲು ಸಾಲು. ಕಂಕನಾಡಿಯಲ್ಲಿ ಉಂಟು. ಓದುವುದು ಮನೆ ಹತ್ತಿರ, ಆಮೇಲೆ ಕೆಲಸವೂ ಮನೆ ಹತ್ತಿರ. ಸಾಫ್ಟ್‌ವೇರ್ ಅಂದರೆ ಬೆಂಗಳೂರು. ನಮ್ಮಲ್ಲಿ ಕೊಟ್ಟಾರ, ಮುಡಿಪುವಿನಲ್ಲಿ ಇನ್ಫೋಸಿಸ್ ಉಂಟು, ಉಡುಪಿಯಲ್ಲಿ 1996ರಿಂದ ರೋಬೋಸಾಫ್ಟ್ ಉಂಟು. ಆದರೆ ಬಂದ ಎಲ್ಲರಿಗೂ ಇಲ್ಲೇ ಜಾಗ ಸಿಗುವುದಿಲ್ಲ. ಹುಡುಗಿ ಡಾಕ್ಟರ್ ಆಗಲಿಕ್ಕೆ ಹೊರಟದ್ದರಲ್ಲಿ ಅವಳ ಇಷ್ಟ ಎಷ್ಟು, ಅಪ್ಪನ ಸಮಾಧಾನ ಎಷ್ಟು? ಎರಡನ್ನೂ ಬಿಡಿಸಿ ನೋಡುವುದು ಕಷ್ಟ ಅಲ್ವಾ?

ಬ್ಯಾಂಕ್ ಕೆಲಸವೂ ಹೀಗೆಯೇ. ನಮ್ಮ ಕಾಮರ್ಸ್ ಹುಡುಗಿಯರ ಮನೆಯವರಿಗೆ ಬ್ಯಾಂಕ್ ಅಂದರೆ ಪ್ರಾಣ. ಊರಲ್ಲೇ ಹುಟ್ಟಿದ ಬ್ಯಾಂಕುಗಳು, ಗುರುತಿನ ಮ್ಯಾನೇಜರುಗಳು. 2019ರಲ್ಲಿ ವಿಜಯ ಬ್ಯಾಂಕ್ ಬರೋಡಾದ ಜೊತೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಹೋಯಿತು. ಮಣಿಪಾಲದಲ್ಲೂ ಮಂಗಳೂರಲ್ಲೂ ಇದ್ದ ಹೆಡ್ ಆಫೀಸುಗಳು ಹೋದವು. ಊರು ಬಿಡಲಾಗದ ಹುಡುಗಿಯರಿಗೆ ಇದ್ದ ಒಂದು ದೊಡ್ಡ ದಾರಿ ಅಲ್ಲಿಗೆ ಸಣ್ಣದಾಯಿತು. ಇದನ್ನು ಯಾರೂ ಮಾತಾಡುವುದಿಲ್ಲ.

ಮೂಲ್ಕಿ ಹಿರಿಯ

ಮಕ್ಕಳೇ, ನಮ್ಮ ತುಳುನಾಡನ್ನು ಬೇರೆ ಕಡೆಗೆ ಹೋಲಿಸುವ ಮೊದಲು ಸ್ವಲ್ಪ ಹಿಂದೆ ನೋಡಿ. ಇಲ್ಲಿ ಅಳಿಯಸಂತಾನ ಇತ್ತು. ಆಸ್ತಿ ಹೆಣ್ಣಿನ ಸಾಲಲ್ಲಿ ಇಳಿಯುತ್ತಿತ್ತು. ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಬ್ಯಾಂಕ್ ಕಟ್ಟಿದ್ದು 1906ರಲ್ಲಿ. ಅದಕ್ಕೂ ಮೊದಲೇ, 1894ರಲ್ಲಿ, ಹೆಣ್ಣುಮಕ್ಕಳಿಗೆ ಹೈಸ್ಕೂಲ್ ಕಟ್ಟಿದ್ದರು. 1921ರಲ್ಲೇ ಮಂಗಳೂರಿಗೆ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜು ಬಂತು. 2011ರ ಜನಗಣತಿಯಲ್ಲಿ ಉಡುಪಿಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರು. ಹೆಣ್ಣಿಗೆ ಬೆಲೆ ಕೊಡುವ ಜಿಲ್ಲೆ ಇದು. ಮಗಳು ಹತ್ತಿರ ಇರಲಿ ಅಂತ ಬಯಸುವುದು ಪ್ರೀತಿಯಿಂದ, ಅದನ್ನು ದಬ್ಬಾಳಿಕೆ ಅಂತ ಕಾಣಬೇಡಿ.

ಶಿರ್ವದ ಮಗಳು

ನಮಸ್ಕಾರ ಸರ್. ನೀವು ಹೇಳಿದ ಶಾಲೆ, ಕಾಲೇಜುಗಳ ಬಗ್ಗೆ ನನಗೂ ಹೆಮ್ಮೆ. ನನ್ನ ಅಜ್ಜಿ, ಅಮ್ಮ ಇಬ್ಬರೂ ಅದರಿಂದಲೇ ಓದಿದವರು. ಪ್ರೀತಿ ಇಲ್ಲ ಅಂತ ಯಾರೂ ಹೇಳಲಿಲ್ಲ.

ಆದರೆ ಅಜ್ಜಿಯ ಮನೆಯಲ್ಲಿ ಗದ್ದೆ ಅಜ್ಜಿಯ ಸಾಲಿನದ್ದು, ಗೇಣಿ ಲೆಕ್ಕದ ಪುಸ್ತಕ ದೊಡ್ಡ ಮಾವನ ಪೆಟ್ಟಿಗೆಯಲ್ಲಿ. ಯಾವ ಮರ ಕಡಿಯಬೇಕು, ಯಾವ ಹುಡುಗಿ ಎಷ್ಟು ಓದಬೇಕು ಅಂತ ಹೇಳುತ್ತಿದ್ದದ್ದು ಮಾವ. 1094ರ ಲೆಕ್ಕವೂ ಹಾಗೆಯೇ. ನಮ್ಮ ಗಂಡಸರು ಮುಂಬಯಿಗೆ, ಗಲ್ಫಿಗೆ ಹೋಗಿ ದುಡಿದರು. ಊರಲ್ಲಿ ಉಳಿದವರು ಹೆಂಗಸರು, ಮನೆ, ದನ, ಅತ್ತೆ-ಮಾವ ಎಲ್ಲ ನೋಡಿಕೊಂಡು. ಅದೇ ಪದ್ಧತಿ ಇವತ್ತಿನ ಕಾಲೇಜು ಮಕ್ಕಳ ತನಕ ಬಂದಿದೆ. ಮಗ ಹೊರಗೆ ಹೋಗಬೇಕು, ಮಗಳು ಮನೆ ಹತ್ತಿರ ಇರಬೇಕು. ಮಗನಿಗೂ ಇದರಲ್ಲಿ ಆಯ್ಕೆ ಇಲ್ಲ ಸರ್. ಊರಲ್ಲೇ ಇದ್ದು ಕೃಷಿ ಮಾಡುತ್ತೇನೆ ಅಂದ ನನ್ನ ತಮ್ಮನಿಗೆ ಹೆಣ್ಣು ಸಿಗುವುದಿಲ್ಲ ಅಂತ ಮನೆಯವರೇ ಹೆದರಿಸಿ ದೋಹಾಕ್ಕೆ ಕಳಿಸಿದರು.

ಬೆಳ್ತಂಗಡಿ ಬಸ್

ಬಸ್ಸಿನ ವಿಷಯ ಯಾರೂ ಎತ್ತಲಿಲ್ಲ. ಹುಡುಗಿಯರ ಕರಿಯರ್ ತೀರ್ಮಾನ ಮಾಡುವುದು ಕೊನೆಯ ಬಸ್.

ನಾನು ಮಂಗಳೂರಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ಸಂಜೆ ಲ್ಯಾಬ್ ಮುಗಿಯುವುದು ಐದೂವರೆ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಂದ ಬಸ್ ಹತ್ತಿ, ಊರ ಪೇಟೆಯಲ್ಲಿ ಇಳಿದು, ಅಲ್ಲಿಂದ ಒಳಗಿನ ರಸ್ತೆಗೆ ಇನ್ನೊಂದು ಬಸ್. ಅದು ತಪ್ಪಿದರೆ ಜೀಪು, ರಿಕ್ಷಾ ಕೂಡ ಇಲ್ಲ. ಹುಡುಗರು ಯಾರದಾದರೂ ಬೈಕಲ್ಲಿ ಬರುತ್ತಾರೆ, ಇಲ್ಲ ಅಂದರೆ ಸ್ನೇಹಿತನ ರೂಮಲ್ಲಿ ಉಳಿಯುತ್ತಾರೆ. ನಾನು ಎಕ್ಸ್‌ಪೆರಿಮೆಂಟ್ ಅರ್ಧಕ್ಕೆ ಬಿಟ್ಟು ಓಡಬೇಕು. ಗೈಡ್ ಹತ್ತಿರ ‘ಬೇಗ ಹೋಗುವವಳು’ ಅಂತ ಹೆಸರು ಬಂದಿದೆ.

2023ರ ಜೂನ್ 11ರಿಂದ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಫ್ರೀ. ತುಂಬಾ ಒಳ್ಳೆಯ ಯೋಜನೆ. ಆದರೆ ನಮ್ಮ ಎರಡು ಜಿಲ್ಲೆಗಳಲ್ಲಿ ಓಡುವುದರಲ್ಲಿ ಜಾಸ್ತಿ ಪ್ರೈವೇಟ್ ಬಸ್. ಸರ್ಕಾರಿ ಬಸ್ಸೇ ಬಾರದ ರಸ್ತೆಯಲ್ಲಿರುವ ಹುಡುಗಿಗೆ ಅದರಿಂದ ಏನೂ ಪ್ರಯೋಜನ ಇಲ್ಲ.

ಹಾಸ್ಟೆಲ್ ಸೇರು ಅನ್ನುತ್ತಾರೆ. ನನ್ನ ಗೆಳತಿ ಇರುವ ಹಾಸ್ಟೆಲಲ್ಲಿ ಹುಡುಗಿಯರು ಸಂಜೆ ಆರೂವರೆಗೆ ಒಳಗೆ ಇರಬೇಕು. ಅದೇ ಸಂಸ್ಥೆಯ ಹುಡುಗರಿಗೆ ಒಂಬತ್ತು. ಲೈಬ್ರರಿ ತೆರೆದಿರುವುದು ಎಂಟರ ತನಕ. ಫೀಸ್ ಇಬ್ಬರಿಗೂ ಒಂದೇ.

ಮಲ್ಪೆ ಬಂದರು

ಇದು ನಮಗೆ ಗೊತ್ತೇ ಇರಲಿಲ್ಲ ಅಕ್ಕ. ನಮ್ಮ ಕ್ಲಾಸಿನ ಹುಡುಗಿಯರು ಪ್ರಾಜೆಕ್ಟ್ ಕೆಲಸ ಇರುವಾಗ ಐದು ಗಂಟೆಗೆ ಬ್ಯಾಗ್ ಹಾಕಿಕೊಂಡು ಎದ್ದರೆ ‘ಕೆಲಸ ನಮ್ಮ ತಲೆ ಮೇಲೆ ಹಾಕಿ ಹೋದರು’ ಅಂತ ಹುಡುಗರು ಮಾತಾಡಿಕೊಳ್ಳುತ್ತಾರೆ. ನಾಳೆ ಅವರಿಗೆ ಹೇಳುತ್ತೇನೆ.

ಹಂಪನಕಟ್ಟೆ ವಿದ್ಯಾರ್ಥಿನಿ

ಪ್ರಾಜೆಕ್ಟ್ ಅಂದದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಗುಂಪಲ್ಲಿ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು, ಎರಡು ಧರ್ಮದವರು. ಕಾಲೇಜು ಬಿಟ್ಟ ಮೇಲೆ ಎಲ್ಲಿಯೂ ಒಟ್ಟಿಗೆ ಕೂರುವುದಿಲ್ಲ. ಐಸ್‌ಕ್ರೀಮ್ ಪಾರ್ಲರಿಗೂ ಹೋಗುವುದಿಲ್ಲ. ಎಲ್ಲ ವಾಟ್ಸಾಪಲ್ಲೇ. ಯಾರೋ ಫೋಟೊ ತೆಗೆದು ಗ್ರೂಪಿಗೆ ಹಾಕಿದರೆ ಅಂತ ಹೆದರಿಕೆ. ಮಂಗಳೂರಲ್ಲಿ ಹುಡುಗ-ಹುಡುಗಿಯರು ಸೇರಿದ್ದ ಕಡೆ ನುಗ್ಗಿ ಹೊಡೆದ 2009ರ ಜನವರಿಯ ಪಬ್ ದಾಳಿ, 2012ರ ಪಡೀಲ್ ಹೋಂಸ್ಟೇ ದಾಳಿ ಆದಾಗ ನಾವು ಸಣ್ಣವರು. ಆದರೆ ಅಪ್ಪ-ಅಮ್ಮನಿಗೆ ಎಲ್ಲ ನೆನಪುಂಟು. ‘ನಿನ್ನ ಮೇಲೆ ನಂಬಿಕೆ ಉಂಟು, ಊರಿನ ಮೇಲೆ ಇಲ್ಲ’ ಅನ್ನುತ್ತಾರೆ. ಹುಡುಗರಿಗೂ ಪೆಟ್ಟು ಬೀಳುತ್ತದೆ, ಆದರೆ ಕಾಲೇಜು ಬಿಡಿಸುವುದು ಹುಡುಗಿಯನ್ನು. ಹೀಗಿರುವಾಗ ನಾಳೆ ಆಫೀಸಲ್ಲಿ ಗಂಡಸರ ಜೊತೆ ಸಲೀಸಾಗಿ ಮಾತಾಡು, ಟೀಮ್ ಲೀಡ್ ಮಾಡು ಅಂದರೆ ಎಲ್ಲಿಂದ ಬರುತ್ತದೆ?

ಕೊಟ್ಟಾರ ಎಚ್‌ಆರ್

ನಾನು ಇಲ್ಲಿನ ಒಂದು ಕಂಪನಿಯಲ್ಲಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ವಿಭಾಗದಲ್ಲಿದ್ದೇನೆ. ನಮ್ಮ ಮೇಜಿನ ಈ ಕಡೆಯಿಂದ ಕಾಣುವುದನ್ನು ಹೇಳುತ್ತೇನೆ.

ಬರವಣಿಗೆ ಪರೀಕ್ಷೆಯಲ್ಲಿ ಹುಡುಗಿಯರು ಮುಂದೆ. ಎಷ್ಟು ಸಂಬಳ ಬೇಕು ಅಂತ ಕೇಳಿದಾಗ ಹುಡುಗ ಒಂದು ಮೊತ್ತ ಹೇಳುತ್ತಾನೆ, ಸರಿಯೋ ತಪ್ಪೋ. ಹುಡುಗಿ “ಕಂಪನಿ ಕೊಟ್ಟಷ್ಟು” ಅನ್ನುತ್ತಾಳೆ. ಹುಡುಗಿಯರೇ, ದಯವಿಟ್ಟು ಒಂದು ಮೊತ್ತ ಹೇಳಿ. ಅದೇ ಕೆಲಸಕ್ಕೆ ಊರಲ್ಲಿ ಎಷ್ಟು ಕೊಡುತ್ತಾರೆ ಅಂತ ಸೀನಿಯರ್‌ಗಳ ಹತ್ತಿರ ಕೇಳಿಕೊಂಡು ಬನ್ನಿ.

ಎರಡನೆಯದು, ನಮ್ಮವರದ್ದೇ ದೋಷ. “ಮದುವೆ ಯಾವಾಗ?” ಅಂತ ಹುಡುಗಿಯ ಹತ್ತಿರ ಕೇಳುವವರು ಈಗಲೂ ಇದ್ದಾರೆ. ಹುಡುಗನ ಹತ್ತಿರ ಯಾರೂ ಕೇಳುವುದಿಲ್ಲ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರು ಅಮೆರಿಕದ ಇನ್ನೂರು ವರ್ಷಗಳ ದಾಖಲೆ ನೋಡಿ ಹೇಳಿದ್ದೂ ಇದನ್ನೇ. ಒಂದೇ ಓದು, ಒಂದೇ ಕೆಲಸ ಇದ್ದರೂ ಮೊದಲ ಮಗು ಹುಟ್ಟಿದಲ್ಲಿಂದ ಗಂಡ-ಹೆಂಡತಿಯ ಸಂಬಳ ಬೇರೆ ಬೇರೆ ದಾರಿ ಹಿಡಿಯುತ್ತದೆ. ನಮ್ಮ ಕಾನೂನಲ್ಲಿ 2017ರಿಂದ 26 ವಾರ ಹೆರಿಗೆ ರಜೆ ಉಂಟು. 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು. ಕೆಲಸ ಒಪ್ಪಿಕೊಳ್ಳುವ ಮೊದಲು ಇದನ್ನೆಲ್ಲ ಕೇಳುವುದು ನಿಮ್ಮ ಹಕ್ಕು. ರಾತ್ರಿ ಶಿಫ್ಟಿಗೆ ಕ್ಯಾಬ್ ಉಂಟಾ, ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಉಂಟಾ ಅಂತಲೂ ಕೇಳಿ. ಹತ್ತು ಜನ ಕೆಲಸ ಮಾಡುವ ಕಡೆ ಆ ಸಮಿತಿ ಇರಲೇಬೇಕು.

ಕಂಕನಾಡಿ ಬ್ರದರ್

ಸ್ಟಾಫ್ ನರ್ಸ್ ಆಗಿದ್ದೇನೆ, ಗಂಡಸು. ಬಿ.ಎಸ್ಸಿ. ನರ್ಸಿಂಗ್ ಸೇರುವಾಗ ಮನೆಯವರಿಗಿಂತ ಜಾಸ್ತಿ ಆಡಿಕೊಂಡದ್ದು ಸ್ನೇಹಿತರು. ಈಗ ಅದೇ ಸ್ನೇಹಿತರು ತಮ್ಮನಿಗೆ ಸೀಟಿನ ಬಗ್ಗೆ ಕೇಳುತ್ತಾರೆ. ಐಸಿಯು, ಎಮರ್ಜೆನ್ಸಿ, ಆಪರೇಶನ್ ಥಿಯೇಟರ್ ಎಲ್ಲ ಕಡೆ ನಮಗೆ ಕೆಲಸ ಉಂಟು. ಕೋರ್ಸ್ ನಾಲ್ಕು ವರ್ಷ, ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಆದರೆ ಮೂರು. ಜರ್ಮನಿಗೆ ಹೋಗುವವರು ಭಾಷೆ ಬಿ2 ಮಟ್ಟದ ತನಕ ಕಲಿಯುತ್ತಾರೆ, ಬ್ರಿಟನ್‌ಗೆ ಒಇಟಿ ಅಥವಾ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ.

ಒಂದು ಮಾತು ನನಗೆ ಇಲ್ಲಿ ಮುಖ್ಯ ಅನಿಸುತ್ತದೆ. ಬೆಂಗಳೂರಿಗೆ ಬಿಡದ ಮನೆಯವರೇ ನರ್ಸಿಂಗ್ ಮಾಡಿದ ಮಗಳನ್ನು ಐರ್ಲೆಂಡಿಗೆ ಕಳಿಸುತ್ತಾರೆ. ಯಾಕೆ ಅಂದರೆ ಅಲ್ಲಿ ಮೊದಲೇ ಹೋದ ಚರ್ಚಿನವರು, ಅಕ್ಕಪಕ್ಕದ ಮನೆಯ ಮಗಳು ಇರುತ್ತಾರೆ. ಗುರುತಿನವರು ಇದ್ದರೆ ಸಾವಿರಾರು ಕಿಲೋಮೀಟರ್ ಕೂಡ ಹತ್ತಿರ ಆಗುತ್ತದೆ. ಕಾಪು ಮೇಡಂ, ನಿಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿನಿಯರು ಬೆಂಗಳೂರಲ್ಲಿ ಇದ್ದಾರಲ್ಲ, ಇಂಟರ್‌ವ್ಯೂಗೆ ಮೊದಲು ಅವರನ್ನು ತಾಯಂದಿರ ಜೊತೆ ಮಾತಾಡಿಸಿ ನೋಡಿ.

ಕಾಪು ಕಾಮರ್ಸ್

ಬ್ರದರ್, ಇದು ನನಗೆ ಹೊಳೆದೇ ಇರಲಿಲ್ಲ. ಫಾರ್ಮ್ ಕೊಡುವ ದಿನ ಕಾರಿಡಾರಿಂದ ಫೋನ್ ಮಾಡುವುದಕ್ಕಿಂತ ತಿಂಗಳ ಮೊದಲೇ ಮನೆಯವರ ಜೊತೆ ಕೂತು ಮಾತಾಡಿದರೆ ತುಂಬಾ ಬದಲಾಗಬಹುದು. ಈ ಸಲ ಮಾಡುತ್ತೇವೆ. ಹುಡುಗರ ಅಪ್ಪ-ಅಮ್ಮನನ್ನೂ ಕರೆಯಬೇಕು, ಓದು ಬಿಡಿಸಬೇಡಿ ಅಂತ ಹೇಳಲಿಕ್ಕೆ.

ಸೈಕಾಲಜಿ ಟೀಚರ್, ಬಲ್ಮಠ

ಹುಡುಗರ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ನಮ್ಮ ಕಾಲೇಜಲ್ಲಿ ಕೌನ್ಸೆಲಿಂಗ್ ರೂಮ್ ಉಂಟು. ಬಾಗಿಲು ತಟ್ಟುವವರು ಹೆಚ್ಚಾಗಿ ಹುಡುಗಿಯರು. ಮನೆಯ ಜಗಳ, ಪರೀಕ್ಷೆ ಭಯ, ಪ್ರೀತಿ ಮುರಿದದ್ದು, ಎಲ್ಲ ಬಂದು ಹೇಳುತ್ತಾರೆ, ಅಳುತ್ತಾರೆ, ಹಗುರ ಆಗುತ್ತಾರೆ. ಹುಡುಗರು ಬರುವುದು ಯಾರಾದರೂ ಕಳಿಸಿದರೆ ಮಾತ್ರ. ಕೂತವರು “ಏನಿಲ್ಲ ಮೇಡಂ” ಅಂತ ನೆಲ ನೋಡುತ್ತಾರೆ. ಆದರೆ ದೇಶದಲ್ಲಿ ಜೀವ ಕಳೆದುಕೊಳ್ಳುವವರಲ್ಲಿ ಹತ್ತರಲ್ಲಿ ಏಳು ಮಂದಿ ಗಂಡಸರು. ಏನಿಲ್ಲ ಅನ್ನುವ ಹುಡುಗನ ಪಕ್ಕ ಸ್ವಲ್ಪ ಹೊತ್ತು ಕೂರಬೇಕು, ಬೇರೆ ಎಂತದಾದರೂ ಮಾತಾಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಪ್ರತಿ ಕ್ಲಾಸಿನ ವಾಟ್ಸಾಪ್ ಗ್ರೂಪಿಗೂ ಹಾಕಿ.

ಮಲ್ಪೆಯವರೆ, ಕೊಣಾಜೆಯ ಮಂಗಳೂರು ವಿ.ವಿ.ಯಲ್ಲಿ ಕನ್ನಡ ಎಂ.ಎ. ಉಂಟು. ಆಸೆ ಬಿಡಬೇಡಿ. ಎಂ.ಎ. ಮುಗಿಸಿ ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾದರೆ ಕಾಲೇಜು ಲೆಕ್ಚರರ್ ಕೆಲಸಕ್ಕೆ ದಾರಿ ಆಗುತ್ತದೆ. ಮಾವ ಕೇಳಿದ ಪ್ರಶ್ನೆಗೆ ಅದೇ ಉತ್ತರ ಕೊಡಿ.

ಬಿ.ಸಿ. ರೋಡ್ ಅಮ್ಮ

ಎಲ್ಲ ಓದಿದೆ. ನಾನು ಪಿಯುಸಿ ತನಕ ಓದಿದವಳು. ಬೀಡಿ ಕಟ್ಟಿ ಮಗಳನ್ನು ಓದಿಸಿದೆ, ಬೀಡಿ ಕಾರ್ಮಿಕರ ಮಕ್ಕಳಿಗೆ ಸಿಗುವ ಸ್ಕಾಲರ್‌ಶಿಪ್ ಕೂಡ ಬಂತು. ಈಗ ಬಿ.ಕಾಂ. ಕೊನೆಯ ವರ್ಷ, ಮಾರ್ಕು ಚೆನ್ನಾಗಿ ಉಂಟು. ಅವಳಿಗೆ ಸಿಎ ಮಾಡಬೇಕಂತೆ, ಬೆಂಗಳೂರಿಗೆ ಹೋಗಬೇಕಂತೆ. ಗಂಡ ಸೌದಿಯ ದಮಾಮಲ್ಲಿ ಇದ್ದಾರೆ. ಅವರು ಬಿ.ಎಡ್. ಮಾಡಿಸು, ಶಾಲೆ ಮನೆ ಹತ್ತಿರ ಅನ್ನುತ್ತಾರೆ. ನನಗೆ ಮಗಳು ಹೇಳುವುದೇ ಸರಿ ಅಂತ ಕಾಣುತ್ತದೆ. ಸಿಎ ಅಂದರೆ ಬೆಂಗಳೂರಿಗೇ ಹೋಗಬೇಕಾ? ಗೊತ್ತಿದ್ದವರು ಹೇಳಿ.

ಕೊಡಿಯಾಲ್‌ಬೈಲ್ ಸಿಎ

ಅಮ್ಮಾ, ಬೆಂಗಳೂರಿಗೇ ಹೋಗಬೇಕು ಅಂತ ಇಲ್ಲ. ಬಿ.ಕಾಂ.ನಲ್ಲಿ ಶೇ. 55 ಇದ್ದರೆ ಸಿಎಯ ಮೊದಲ ಪರೀಕ್ಷೆ ಫೌಂಡೇಶನ್ ಬರೆಯಬೇಕಾಗಿಲ್ಲ, ನೇರ ಎರಡನೇ ಹಂತದ ಇಂಟರ್‌ಮೀಡಿಯೆಟಿಗೆ ರಿಜಿಸ್ಟ್ರೇಶನ್ ಮಾಡಬಹುದು. ಅದರ ಎರಡೂ ಗ್ರೂಪ್ ಪಾಸಾದ ಮೇಲೆ ಆರ್ಟಿಕಲ್‌ಶಿಪ್, ಅಂದರೆ ಸಿಎ ಆಫೀಸಲ್ಲಿ ತರಬೇತಿ. ಮೊದಲು ಮೂರು ವರ್ಷ ಇತ್ತು, 2023ರಿಂದ ಎರಡೇ ವರ್ಷ. ಮಂಗಳೂರಲ್ಲಿ ಒಳ್ಳೆಯ ಸಿಎ ಆಫೀಸುಗಳು ಬೇಕಾದಷ್ಟು ಉಂಟು, ಉಡುಪಿಯಲ್ಲೂ ಉಂಟು. ಆ ಎರಡು ವರ್ಷ ಸ್ಟೈಪೆಂಡ್ ಬರುತ್ತದೆ, ದೊಡ್ಡ ಮೊತ್ತ ಅಲ್ಲ. ಬಿ.ಸಿ. ರೋಡಿಂದ ದಿನಾ ಬಂದು ಹೋಗುವ ಹುಡುಗಿಯರು ನಮ್ಮ ಆಫೀಸಲ್ಲೇ ಇದ್ದಾರೆ. ಬೆಂಗಳೂರಿನ ದೊಡ್ಡ ಆಡಿಟ್ ಕಂಪನಿಗಳಲ್ಲಿ ದೊಡ್ಡ ಲೆಕ್ಕಗಳನ್ನು ನೋಡಲಿಕ್ಕೆ ಸಿಗುತ್ತದೆ ನಿಜ. ಇಲ್ಲಿ ಸಣ್ಣ ಆಫೀಸಲ್ಲಿ ಎಲ್ಲ ತರದ ಕೆಲಸ ಕೈಗೆ ಬರುತ್ತದೆ. ಎರಡರಲ್ಲಿ ಯಾವುದು ಅಂತ ಮಗಳೇ ಹೇಳಲಿ.

ಬಿ.ಸಿ. ರೋಡ್ ಅಮ್ಮ

ತುಂಬಾ ಉಪಕಾರ ಸರ್. ಶುಕ್ರವಾರ ಇವರಿಗೆ ರಜೆ, ಆವಾಗ ಮಾತಾಡುತ್ತೇನೆ. ಅವರು ಮೊದಲು ಕೇಳುವುದು ಸಂಜೆ ಎಷ್ಟು ಗಂಟೆಗೆ ಮನೆಗೆ ಬರುತ್ತಾಳೆ ಅಂತ. ಎಂತ ಹೇಳಲಿ?

ಕೊಡಿಯಾಲ್‌ಬೈಲ್ ಸಿಎ

ಇದ್ದದ್ದು ಇದ್ದ ಹಾಗೆ ಹೇಳಿ ಅಮ್ಮ. ಸಾಮಾನ್ಯ ದಿನ ಸಂಜೆ ಆರಕ್ಕೆ ಬಿಡುತ್ತಾರೆ. ಸೆಪ್ಟೆಂಬರ್ ಪೂರ್ತಿ ಟ್ಯಾಕ್ಸ್ ಆಡಿಟ್, 30ನೇ ತಾರೀಕಿನ ಗಡುವು ಇರುತ್ತದೆ, ಆಗ ಎಂಟು, ಒಂಬತ್ತು ಆಗುತ್ತದೆ. ಆ ತಿಂಗಳು ಹುಡುಗಿಯರನ್ನು ಮನೆ ತನಕ ಬಿಡುವ ವ್ಯವಸ್ಥೆ ಉಂಟಾ ಅಂತ ಸೇರುವ ಮೊದಲೇ ಆಫೀಸಿನವರ ಹತ್ತಿರ ಕೇಳಿ. ನಾವು ಕಾರು ಮಾಡಿ ಕಳಿಸುತ್ತೇವೆ. ಬೇಕಿದ್ದರೆ ನೀವೇ ಒಂದು ದಿನ ಮಗಳ ಜೊತೆ ಬಂದು ಆಫೀಸ್ ನೋಡಿ, ಇಲ್ಲಿರುವ ಹುಡುಗಿಯರ ಹತ್ತಿರ ಮಾತಾಡಿ. ಮಾರ್ಕ್ಸ್‌ಕಾರ್ಡ್ ತನ್ನಿ, ಇಂಟರ್ ರಿಜಿಸ್ಟ್ರೇಶನ್ ಹೇಗೆ ಮಾಡುವುದು ಅಂತ ಅವರೇ ಕೂತು ತೋರಿಸುತ್ತಾರೆ.